ಚಂಪಕ್ಕನನ್ನೂ ಕೇಳಿದ್ದರು

ಕಾಪು,
ಜೂನ್ ೧೯, ೨೦೨೫

ಪ್ರತೀಕನ ಅಪ್ಪನಿಗೆ ಪ್ರಫುಲ್ಲಾಳ ನಮಸ್ಕಾರ.

ಮೊಣಕಾಲು ನೋವು ಹೇಗುಂಟು? ಮಸ್ಕತ್ತಿನ ಬಿಸಿಲಿನಲ್ಲಿ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ರೂಮಿನಲ್ಲಿ ನಾಲ್ಕು ಜೊತೆ ಕಿವಿ. ಅದಕ್ಕೇ ರಜೆ ಮುಗಿಸಿ ಹೊರಟಿರುವ ಅಲೋಶಿಯಸ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಕಳೆದ ಶನಿವಾರ ಮಣಿಪಾಲಕ್ಕೆ, ಮಗನ ಫ್ಲ್ಯಾಟಿಗೆ ಹೋಗಿದ್ದೆ. ಅಜೆಕಾರಿನ ತನ್ವಿಯ ಜೊತೆ ಅವನ ನಿಶ್ಚಿತಾರ್ಥಕ್ಕೆ ಹೊಸ ಅಂಗಿ ಹೊಲಿಸಲು ಅಳತೆಗೆ ಹಳೆಯದೊಂದು ಬೇಕಿತ್ತು. ಕಪಾಟು ತೆರೆದರೆ ಒಳಗೆ ಒಬ್ಬಳು ಕುಳಿತಿದ್ದಳು. ಕ್ಷಮೆ ಕೇಳಿ ಬಾಗಿಲು ಹಾಕಿದೆ. ಆಮೇಲೆ ನನಗೇ ನಗು ಬಂತು. ಮಲಗುವ ಕೋಣೆಗೆಂದೇ ಮಾಡಿದ ಆಳೆತ್ತರದ ರಬ್ಬರಿನ ಹೆಂಗಸು ಮಾರಾಯ್ರೇ! ಕೂದಲು ನೀಟಾಗಿ ಬಾಚಿತ್ತು. ಇವನ ತಲೆ ಬಾಚಿಸಲು ನಾನು ಎಷ್ಟು ವರ್ಷ ಬೆನ್ನ ಹಿಂದೆ ಓಡಿದ್ದೆನೋ.

"ಎರಡು ವರ್ಷ ಆಯ್ತಮ್ಮ. ಯಾರಿಗೆ ಎಂತ ತೊಂದರೆ ಉಂಟು? ಅದು ಬೇಡ ಅಂತ ಹೇಳುವುದಿಲ್ಲ" ಎಂದ ಪ್ರತೀಕ. ನಾನು ಬೈಯಲಿಲ್ಲ. ಒಂಟಿತನ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೇಳು ವರ್ಷ ನೀವಲ್ಲಿ ಹೇಗಿದ್ದೀರಿ ಎಂದು ನಾನು ಕೇಳಲಿಲ್ಲ, ನಾನಿಲ್ಲಿ ಹೇಗಿದ್ದೇನೆ ಎಂದು ನೀವೂ ಕೇಳಲಿಲ್ಲ. ಬೇಸರವಾದದ್ದುಂಟು, ಸುಳ್ಳು ಹೇಳುವುದಿಲ್ಲ.

ಬೊಂಬೆಯೂ ನಮಗೆ ಹೊಸತಲ್ಲ. ಚಿಕ್ಕಂದಿನಲ್ಲೇ ತೀರಿಕೊಂಡ ನನ್ನ ಚಂಪಕ್ಕನಿಗೆ, ಬದುಕಿದ್ದರೆ ಮದುವೆಯ ವಯಸ್ಸು ಎನ್ನುವಾಗ, ಅವಳಂತೆಯೇ ತೀರಿಹೋಗಿದ್ದ ಉದ್ಯಾವರದ ಹುಡುಗನ ಜೊತೆ ಕುಲೆ ಮದುವೆ ಮಾಡಿದರಲ್ಲ. ಎರಡು ಬೊಂಬೆಗಳನ್ನು ಮಣೆಯ ಮೇಲೆ ಕೂರಿಸಿ, ಒಂದಕ್ಕೆ ಸೀರೆ, ಇನ್ನೊಂದಕ್ಕೆ ಪಂಚೆ ಉಡಿಸಿ, ಧಾರೆ ಎರೆದರು. ಆದರೆ ಅದಕ್ಕೂ ಮೊದಲು ಅಪ್ಪ ಅವಳಿಗೆ ಎಲೆ ಹಾಕಿ ಬಡಿಸಿ, "ಈ ಹುಡುಗ ನಿನಗೆ ಆಗಬಹುದಾ ಮಗಾ?" ಎಂದು ಕೈಮುಗಿದು ಕೇಳಿದ್ದರು. ಸತ್ತವಳನ್ನೂ ಕೇಳುವ ಜನ ನಾವು. ಇವನು ಎರಡು ವರ್ಷದಿಂದ ಯಾರನ್ನೂ ಏನೂ ಕೇಳದೆ ಅಭ್ಯಾಸ ಮಾಡಿಕೊಂಡಿದ್ದಾನೆ. ಮದುವೆಯಾದ ಮೇಲೆ ತನ್ವಿ "ಇವತ್ತು ಬೇಡ" ಎಂದರೆ ಇವನಿಗೆ ಕೇಳಿಸುತ್ತದೋ ಇಲ್ಲವೋ ಎಂದು ನನಗೆ ಅಲ್ಲೇ ಭಯವಾಯಿತು.

ಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ. ರೂಮಿನವರಿಗೂ ಕೊಡಿ, ನೀವು ಮಾತ್ರ ಕಡಿಮೆ ತಿನ್ನಿ.

ನಿಮ್ಮ
ಪ್ರಫುಲ್ಲಾ

ಬರೆಯದೆ ಬಿಟ್ಟದ್ದು: ಅವನೇ ತನ್ವಿಗೆ ಹೇಳಲಿ ಎಂದು ನಾಲ್ಕು ದಿನ ಕಾದೆ, ಹೇಳಲಿಲ್ಲ. ನಿನ್ನೆ ನಾನೇ ಅಜೆಕಾರಿಗೆ ಹೋಗಿ ತನ್ವಿಗೆ ಎಲ್ಲ ಹೇಳಿ ಬಂದೆ. ಸಂಜೆ ಅವಳು ಪ್ರತೀಕನಿಗೆ ಫೋನ್ ಮಾಡಿ, ಈ ಮದುವೆ ತನಗೆ ಬೇಡ ಎಂದು ಸ್ಪಷ್ಟವಾಗಿ ತಿಳಿಸಿದ್ದಾಳೆ. ಇವತ್ತು ಬೆಳಗ್ಗೆ ಅವನು ನನಗೆ ಫೋನ್ ಮಾಡಿದ್ದ. ನಿಶ್ಚಿತಾರ್ಥದ ಅಂಗಿ ಹೊಲಿದಾಯಿತಾ ಎಂದು ಕೇಳಿದ.