ಬಾವಿ ಇದ್ದ ಜಾಗ

ನೀಲಾ,

ಬಿಳಿಕೆರೆ ಚಿಕ್ಕಮ್ಮನ ಬಾವಿಯಿಂದ ಸಿಹಿನೀರು ತರಲು ಹೊರಟೆ. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ.

ಈ ನಲ್ಲಿ ನೀರಿಗೆ ಬೇಳೆ ಬೇಯುವುದಿಲ್ಲ, ಸುಮ್ಮನೆ ಸೌದೆ ಸುಡಬೇಡ. ಹಂಡೆಯ ಬಿಳಿ ಹಕ್ಕಳೆಯನ್ನೂ ಕೆರೆಯಬೇಡ, ನಾಳೆ ಮತ್ತೆ ಕಟ್ಟುತ್ತದೆ.

ನಾನು ಬರುವವರೆಗೆ ಅವ್ವನ ಲಿಂಗಪೂಜೆಗೆ ಈ ನೀರು ಇಡಬೇಡ. ಲಿಂಗದ ಮೇಲೂ ಸುಣ್ಣ ಕೂತಿದೆ. ನಿನ್ನೆಯಿಂದ ಅವಳು ಒಂದು ಗುಟುಕೂ ಕುಡಿದಿಲ್ಲ, ನಮ್ಮ ಬಾವಿ ನೀರೇ ಬೇಕಂತೆ.

ನಲ್ಲಿ ಬಂದ ಹುರುಪಿನಲ್ಲಿ ಬಾವಿಗೆ ಮಣ್ಣು ತುಂಬಿಸಿದವನು ನಾನೇ. ಹಾಸಿಗೆ ಹಿಡಿದವಳಿಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಈಗ ಹೊರಡುವಾಗ ಕೈ ಹಿಡಿದು ಕೇಳಿದಳು: "ಮಗಾ, ಬಾವಿ ಇದ್ದ ಜಾಗ್ದಲ್ಲಿ ಏನ್ ನೆಟ್ಟಿದ್ದೀಯಪ್ಪ?"

ನೆಟ್ಟ ದಾಸವಾಳವೂ ಈ ನೀರಿಗೇ ಒಣಗಿಹೋಯಿತು. ನಿನ್ನನ್ನು ಕೇಳಿದರೆ ಹೂ ಬಿಟ್ಟಿದೆ ಅನ್ನು.

ಅಣ್ಣ