ಗುರುಕೃಪಾ ಮನೆಯ ಮುಂದಿನ ಕಟ್ಟೆ

ಗದಗ, ಬಾಗಿಲು ತೆರೆದ ಮೂವತ್ತೊಂದನೆಯ ವರ್ಷ,
ಎರಡನೆಯ ಕಾರ್ತಿಕ, ಗಾಳಿವಾರ

‘ಗುರುಕೃಪಾ’ ಮನೆಯವರಿಗೆ ನೀಲಗಂಗಾ ಹೊಂಬಳ ಮಾಡುವ ಶರಣು. ತಾವು ಸಕುಟುಂಬ ಪರಿವಾರ ಸಮೇತರಾಗಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಮೊದಲು ಮಾತಿನ ಬಗ್ಗೆ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಳಿದುಕೊಂಡಿರುವ ಗೃಹಪ್ರವೇಶದ ಆಮಂತ್ರಣಗಳಿಂದ ಮತ್ತು ಟೈಲ್ಸ್ ಅಂಗಡಿಗಳ ಜಾಹೀರಾತುಗಳಿಂದ. ಹಾಗಾಗಿ ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಅತಿಯಾದ ಆದರವೋ ಅಥವಾ ಜಾರದ ಟೈಲಿನ ಭರವಸೆಯೋ ಇಣುಕಿದರೆ ನಕ್ಕು ಮುಂದೆ ಓದಿ. ತಾರೀಖು ಕೂಡ ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ವಾರದಲ್ಲಿ ಗಾಳಿವಾರ ಇರಲಿಲ್ಲ. ನಮಗೆ ಅದು ಎಂಟನೆಯ ದಿನ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಅಂದು ನಿಲ್ಲಿಸಿ ಎಣ್ಣೆ ಹಾಕುತ್ತಾರೆ, ಊರಿಗೆ ಕರೆಂಟ್ ಇರುವುದಿಲ್ಲ, ಒಳಗೆ ಕೂತರೆ ಉಸಿರು ಕಟ್ಟುತ್ತದೆ. ಆದ್ದರಿಂದ ಸಂಜೆಗೆ ಊರಿಗೆ ಊರೇ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಗೆ ಬರುತ್ತದೆ.

ನನ್ನ ಕಸುಬು ಹೊರಮನೆ ಕಟ್ಟುವುದು. ಹೊರಮನೆ ಅಂದರೆ ಮನೆಯ ಗೋಡೆಗಳಾಚೆ, ಆಕಾಶದ ಕೆಳಗೆ, ಕೂರಲು, ಉಣ್ಣಲು, ಮಲಗಲು ಮಾಡುವ ಜಾಗ. ಇದಕ್ಕೆ ಬೇರೆ ಕಸುಬುದಾರರು ಏಕೆ ಬೇಕು ಎಂದು ನೀವು ಕೇಳಬಹುದು. ನಿಮ್ಮ ನಂತರ ಬಂದ ಮೂರು ತಲೆಮಾರು ಬಿಸಿಲಿಗೆ ಹೆದರಿ ಒಳಗೇ ಬದುಕಿತು. ಅದನ್ನು ಒಳಗಾಲ ಎನ್ನುತ್ತೇವೆ. ಮೂವತ್ತೊಂದು ವರ್ಷದ ಹಿಂದೆ ಹವೆ ಸ್ವಲ್ಪ ಕರುಣೆ ತೋರಿತು, ಬಾಗಿಲು ತೆರೆದೆವು. ತೆರೆದ ಮೇಲೆ ಗೊತ್ತಾಯಿತು, ಹೊರಗೆ ಕೂರುವುದು ಹೇಗೆಂಬುದೇ ಯಾರಿಗೂ ನೆನಪಿಲ್ಲ. ಮೊದಲ ವರ್ಷ ಜನ ಹೊರಗೆ ಬಂದು ಸಾಲಾಗಿ ನಿಂತರಂತೆ, ನಿಂತು ನಿಂತು ಕಾಲು ನೋವಾಗಿ ಒಳಗೆ ಹೋದರಂತೆ.

ಈಗ ಅಷ್ಟು ದಡ್ಡರಲ್ಲ. ಕಪ್ಪು ಕಲ್ಲು ಹಾಸಿದರೆ ಅದು ಹಗಲಿನ ಬಿಸಿಲು ಕುಡಿದು ಸಂಜೆ ಕಾಲಿನ ಮೇಲೆ ಕಕ್ಕುತ್ತದೆ ಎಂದು ಕಲಿತಿದ್ದೇವೆ. ಊದಿನಕಡ್ಡಿ ಹಚ್ಚಿ ಹೊಗೆ ಯಾವ ಕಡೆ ಬಾಗುತ್ತದೆ ನೋಡಿ ಹಾಸಿಗೆಯ ಜಾಗ ಗೊತ್ತು ಮಾಡುತ್ತೇವೆ. ಕಾಲುದಾರಿಯನ್ನು ಮೊದಲೇ ಗೆರೆ ಎಳೆದು ಹಾಕುವುದಿಲ್ಲ. ಮನೆಯವರು ಒಂದು ಮಳೆಗಾಲ ಓಡಾಡಲಿ ಎಂದು ಬಿಟ್ಟು, ಹುಲ್ಲು ಸತ್ತಲ್ಲಿ ಕಲ್ಲು ಹಾಸುತ್ತೇವೆ. ಬಚ್ಚಲಿನ ನೀರು ಬಾಳೆಗೆ, ಬಾಳೆಯ ನೆರಳು ನೀರಿನ ಗಡಿಗೆಗೆ. ಪಡುವಣ ಬಿಸಿಲು ತಡೆಯಲು ಹೊಂಗೆ. ಇಷ್ಟೆಲ್ಲ ಸರಿ. ಆದರೆ ಕುರ್ಚಿಯ ವಿಷಯದಲ್ಲಿ ಮಾತ್ರ ನಾವು ಎಡವಿದೆವು, ಅದಕ್ಕೆ ಅರ್ಧ ಕಾರಣ ನೀವು.

ನಿಮ್ಮ ಕಾಲದ ಹೊರಮನೆಗಳ ಚಿತ್ರಗಳು ನಮಗೆ ರಾಶಿ ರಾಶಿ ಸಿಕ್ಕಿವೆ. ಹಸಿರು ಹುಲ್ಲು, ಅದರ ನಡುವೆ ಎರಡು ಬಿಳಿ ಕುರ್ಚಿ, ಒಂದು ಪುಟ್ಟ ಮೇಜು, ಮೇಜಿನ ಮೇಲೆ ಹಣ್ಣಿನ ತಟ್ಟೆ, ಎರಡು ಲೋಟ ಪಾನಕ. ಹಿಂದೆ ಬೆಳ್ಳಗಿನ ಗುಂಡುಕಲ್ಲುಗಳ ಹಾಸು, ಗೀಜಗನ ಗೂಡಿನಂಥ ತೂಗುಕುರ್ಚಿ, ಸಾಲು ದೀಪ. ಎಲ್ಲ ಇದೆ, ಮನುಷ್ಯರಿಲ್ಲ. ಒಂದು ಚಿತ್ರದಲ್ಲೂ ಇಲ್ಲ. ನಮ್ಮ ಗುರುಗಳು ಫಕ್ಕೀರಪ್ಪ ಮಾಸ್ತರರು ಈ ಚಿತ್ರಗಳ ಮೇಲೆ ಅರ್ಧ ಆಯುಷ್ಯ ಕಳೆದವರು. ಜೋಡಿ ಆಸನ, ಹಣ್ಣು, ಪಾನಕ, ದೀಪ, ಕೂರುವವರು ಯಾರೂ ಇಲ್ಲ. ಇದು ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಜಾಗವಲ್ಲದೆ ಇನ್ನೇನು ಎಂದು ಅವರು ತೀರ್ಮಾನಿಸಿದರು. ತೀರ್ಮಾನ ಎಷ್ಟು ಗಟ್ಟಿಯಾಗಿತ್ತೆಂದರೆ, ಇಂದು ಗದಗಿನಲ್ಲಿ ಯಾವ ಹೊರಮನೆಗೆ ಹೋದರೂ ನಡುವೆ ಎರಡು ಬಿಳಿ ಕುರ್ಚಿ ಖಾಲಿ ಇರುತ್ತವೆ. ಮನೆಯವರು ಅವುಗಳನ್ನು ಸುತ್ತು ಬಳಸಿ ಓಡಾಡುತ್ತಾರೆ, ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಸಿ ಊಟ ಮಾಡುತ್ತಾರೆ. ಹಿರಿಯರ ಜೋಡಿಕುರ್ಚಿ ಇಲ್ಲದ ಹೊರಮನೆಗೆ ನಮ್ಮ ಕಸುಬಿನ ಕೂಟದ ಒಪ್ಪಿಗೆ ಸಿಗುವುದಿಲ್ಲ. ಒಪ್ಪಿಗೆ ಸಿಗದ ಹೊರಮನೆಯಲ್ಲಿ ಯಾರೂ ವಾಸಿಸುವಂತಿಲ್ಲ.

ನಾನೂ ಇದನ್ನು ಕಣ್ಣು ಮುಚ್ಚಿಕೊಂಡು ಪಾಲಿಸುತ್ತಿದ್ದೆ, ನಮ್ಮ ಅತ್ತೆಗೆ ಹೊರಮನೆ ಕಟ್ಟುವ ತನಕ. ಗುರಸಿದ್ದವ್ವ ನನ್ನ ತಂದೆಯ ಅಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿದವರು. ಒಳಗಾಲದಲ್ಲಿ ಹುಟ್ಟಿ, ಒಳಗೇ ಬೆಳೆದು, ಮದುವೆಯೂ ಒಳಗೇ ಆದವರು. ಬಾಗಿಲು ತೆರೆದು ಇಷ್ಟು ವರ್ಷವಾದರೂ ಹೊಸ್ತಿಲು ದಾಟಿರಲಿಲ್ಲ. ಅವರಂಥವರು ಊರಲ್ಲಿ ಇನ್ನೂ ಕೆಲವರಿದ್ದಾರೆ. ಬೈಯುವಂತಿಲ್ಲ, ಆಕಾಶ ಕಂಡರೆ ಅವರಿಗೆ ನಿಜವಾಗಿಯೂ ತಲೆ ತಿರುಗುತ್ತದೆ.

ತೊಂದರೆ ಬಂದದ್ದು ಈ ವರ್ಷ. ಕಾರ್ತಿಕದಿಂದ ಮಾಘದವರೆಗೆ ನಾವು ಮನೆಗಳನ್ನು ಖಾಲಿ ಮಾಡಿ, ಬಾಗಿಲು ಕಿಟಕಿ ತೆರೆದಿಟ್ಟು, ಗೋಡೆಗಳು ಬೇಸಿಗೆಯ ಬಿಸಿಯನ್ನೆಲ್ಲ ಕಕ್ಕಲು ಬಿಡುತ್ತೇವೆ. ಆಮೇಲೆ ಸುಣ್ಣ ಬಳಿಯುತ್ತೇವೆ. ಅಲ್ಲಿಯವರೆಗೆ ಎಲ್ಲರ ಸಂಸಾರವೂ ಹೊರಮನೆಯಲ್ಲಿ. ಅತ್ತೆಗೆ ಮಾತ್ರ ಹಿಂದಿನ ವರ್ಷಗಳಲ್ಲಿ ಒಂದು ಕೋಣೆ ಬಿಟ್ಟಿರುತ್ತಿದ್ದೆವು. ಈ ಸಲ ಅದರ ಗೋಡೆಯೂ ಬಿರುಕು ಬಿಟ್ಟಿತು, ಅದನ್ನೂ ಖಾಲಿ ಮಾಡಲೇಬೇಕಾಯಿತು. ಹೊರಗೆ ಬರಲಾರದವರಿಗಾಗಿ ಊರ ಕೊನೆಯಲ್ಲಿ ಒಂದು ತಂಗುಮನೆ ಇದೆ. ಕೆಟ್ಟ ಜಾಗವೇನಲ್ಲ. ಆದರೆ ಅಲ್ಲಿಗೆ ಹೋದವರನ್ನು ಗಾಳಿವಾರ ಮಾತ್ರ ನೋಡಬಹುದು. ಅತ್ತೆಯನ್ನು ಅಲ್ಲಿಗೆ ಕಳಿಸುವುದು ನನ್ನಿಂದ ಆಗದ ಮಾತಾಗಿತ್ತು. ಊರಿಗೆಲ್ಲ ಹೊರಮನೆ ಕಟ್ಟಿಕೊಟ್ಟವಳು ಸಾಕಿದವರನ್ನು ಒಂದು ಸಂಜೆ ಹೊರಗೆ ಕೂರಿಸಲಾರೆನೆಂದರೆ ನನ್ನ ಕಸುಬಿಗೆ ಏನು ಅರ್ಥ?

ಹಿತ್ತಲಿನಲ್ಲಿ ನನಗೆ ಗೊತ್ತಿದ್ದದ್ದನ್ನೆಲ್ಲ ಸುರಿದೆ. ಚಿತ್ರದಲ್ಲಿದ್ದಂತೆಯೇ ಹುಲ್ಲು, ಗುಂಡುಕಲ್ಲು, ನಡುವೆ ಜೋಡಿಕುರ್ಚಿ, ಸುತ್ತ ಎತ್ತರದ ಗೋಡೆ. ಅತ್ತೆ ಕಿಟಕಿಯಿಂದ ಬಹಳ ಹೊತ್ತು ನೋಡಿದರು. “ಚಂದ ಐತವಾ ನೀಲಾ. ಆದ್ರ ಯಾರೂ ಕುಂದರೂದಿಲ್ಲಂದ ಮ್ಯಾಲ ಕುರ್ಚಿ ಯಾಕ?” ಅಂದರು. ಹೊರಗೆ ಬನ್ನಿ ಅಂದರೆ, “ಒಳಗಾದ್ರ ಬೆನ್ನಿಗೆ ಗ್ವಾಡಿ ಐತಿ, ತಲಿ ಮ್ಯಾಲ ಮಾಳಗಿ ಐತಿ. ಅಲ್ಲೇನೈತಿ? ನಡುಬಯಲಾಗ ಕುಂತ್ರ ನನ್ನ ಬೆನ್ನು ಕಾಯಾವ್ರು ಯಾರು?” ಅಂದರು. ನಾನು ಅವರ ಅಂಜಿಕೆ ಎಂದುಕೊಂಡೆ. ಊರಿಗೆ ಬಂದಾಕಿ ನೀರಿಗೆ ಬರದೆ ಇರುತ್ತಾಳೆಯೇ, ನಿಧಾನಕ್ಕೆ ಬಂದಾರು ಎಂದು ಕಾದೆ. ಅವರು ಬರಲಿಲ್ಲ, ತಂಗುಮನೆಯವರು ಮಾತ್ರ ಬಂದು ಹಾಸಿಗೆಯ ಅಳತೆ ಕೇಳಿಕೊಂಡು ಹೋದರು.

ಮನೆಯ ಮುಂದೆ ಒಂದು ಹೊಂಗೆಯನ್ನಾದರೂ ನೆಡೋಣ ಎಂದು ಬೇಸರದಲ್ಲಿ ಅಗೆಯುತ್ತಿದ್ದಾಗ ಸಿಕ್ಕಿದ್ದು ನೀವು. ಮೊದಲು ‘ಗುರುಕೃಪಾ’ ಎಂದು ಕೆತ್ತಿದ ಕಪ್ಪುಕಲ್ಲು ಬಂತು. ನಮ್ಮ ಓಣಿಯಲ್ಲಿ ಅಗೆದಲ್ಲೆಲ್ಲ ಇದೇ ಹೆಸರು ಸಿಗುವುದರಿಂದ ನಿಮ್ಮದು ದೊಡ್ಡ ಬಳಗವೇ ಇದ್ದಿರಬೇಕು. ಆಮೇಲೆ ನೀವು ಕಾರು ನಿಲ್ಲಿಸಲು ಹಾಸಿದ ಸಿಮೆಂಟಿನ ಇಟ್ಟಿಗೆಗಳು. ಅವುಗಳ ಕೆಳಗೆ ತುಂಬಿದ ಮಣ್ಣು. ಮಣ್ಣಿನ ಕೆಳಗೆ, ಮನೆಯ ಹಳೆಯ ಗೋಡೆಗೆ ಬೆನ್ನು ಕೊಟ್ಟು, ಓಣಿಗೆ ಮುಖ ಮಾಡಿದ ಉದ್ದನೆಯ ಕಲ್ಲಿನ ಕಟ್ಟೆ. ರಸ್ತೆ ಎತ್ತರವಾದಾಗ ನೀವು ಅಂಗಳವನ್ನೂ ಎತ್ತರಿಸಿ ಅದನ್ನು ಮುಚ್ಚಿದ್ದೀರಿ. ಒಡೆಯದೆ ಮುಚ್ಚಿದಿರಲ್ಲ, ನಿಮ್ಮ ಉಪಕಾರ ನಾನು ಮರೆಯುವುದಿಲ್ಲ. ಅಥವಾ ಒಡೆಯುವ ಖರ್ಚು ಉಳಿಸಿದಿರೋ? ಹೇಗಾದರೂ ಇರಲಿ.

ಮಣ್ಣು ತೊಳೆದು ನೋಡಿದರೆ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಗೀರಿದ್ದರು. ಕಲ್ಲಿನ ಅಂಚು ಕೂತು ಕೂತು ನುಣುಪಾಗಿ ತಗ್ಗು ಬಿದ್ದಿತ್ತು. ಹಿಂದಿನ ಗೋಡೆಯ ಸುಣ್ಣದ ಮೇಲೆ, ಕೂತವರ ತಲೆ ತಾಗುವ ಎತ್ತರಕ್ಕೆ ಕಪ್ಪಗೆ ಒಂದು ಕಲೆ. ಮೂಸಿ ನೋಡಿದೆ, ವಾಸನೆ ಉಳಿದಿರಲಿಲ್ಲ. ಆದರೆ ಬೆರಳಿಗೆ ಜಿಡ್ಡು ತಿಳಿಯಿತು. ತಲೆಗೆ ಹಚ್ಚಿದ ಎಣ್ಣೆ. ನಿಮ್ಮ ಜನ ಹೊರಗೆ ಕೂರುತ್ತಿದ್ದರು. ಹಿರಿಯರಿಗೆ ಎಡೆ ಇಟ್ಟು ದೂರ ನಿಲ್ಲುತ್ತಿರಲಿಲ್ಲ, ತಾವೇ ಕೂರುತ್ತಿದ್ದರು, ಗೋಡೆಗೆ ಒರಗಿ, ಆಟ ಆಡುತ್ತ, ಹೋಗುವವರನ್ನು ಬರುವವರನ್ನು ನೋಡುತ್ತ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಾವು ನಿಮ್ಮ ಚಿತ್ರಗಳನ್ನು ಅರೆದು ಕುಡಿಯುತ್ತಿದ್ದಾಗ ನಿಮ್ಮ ಕಟ್ಟೆ ನಮ್ಮ ಕಾಲ ಕೆಳಗೇ ಇತ್ತು.

ನೆರಳಿಗಾಗಿ ನಮ್ಮ ಓಣಿಗಳನ್ನು ಈಗಾಗಲೇ ತಗ್ಗಿಸಿದ್ದೆವು, ಹಾಗಾಗಿ ನಡುವಿನ ಮಣ್ಣು ತೆಗೆದರೆ ಕಟ್ಟೆ ಓಣಿಗೆ ಸರಿಯಾಗಿ ಕೂತಿತು. ನಮ್ಮ ಮನೆಯ ಗೋಡೆ ನಿಮ್ಮ ಗೋಡೆಯ ಮೇಲೇ ಎದ್ದಿರುವುದರಿಂದ ಬೆನ್ನಿಗೆ ಆಸರೆ ಸಿಕ್ಕಿತು. ಮೇಲೆ ಒಂದು ಸೂರು ಇಳಿಸಿದೆ, ಕೂತವರ ಮೊಣಕಾಲಿನ ತನಕ ಮುಚ್ಚುವಷ್ಟು. ಆಕಾಶ ಬೇಕಾದವರು ಮುಂದಕ್ಕೆ ಬಾಗಿ ನೋಡಿಕೊಳ್ಳಬಹುದು.

ಅತ್ತೆ ಮೊದಲ ದಿನ ಹೊಸ್ತಿಲಲ್ಲೇ ನಿಂತು ಕೈ ಮಾತ್ರ ಹೊರಗೆ ಚಾಚಿ ಆ ಕಲೆಯನ್ನು ಮುಟ್ಟಿದರು. “ಯಾರೋ ದಿನಾ ತಲಿ ಆನಿಸ್ಯಾರ ಇಲ್ಲಿ” ಅಂದರು. ಸ್ವಲ್ಪ ಹೊತ್ತು ಬಿಟ್ಟು, ಗೋಡೆಯನ್ನು ಬೆನ್ನಿನಿಂದ ಸವರಿಕೊಳ್ಳುತ್ತ, ಏಡಿಯಂತೆ ಪಕ್ಕಕ್ಕೆ ಸರಿದು ಬಂದು, ಕಲೆಗೆ ತಲೆ ತಾಗಿಸಿ ಕೂತರು. ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಅಷ್ಟರಲ್ಲಿ ಓಣಿಯಲ್ಲಿ ಹೋಗುತ್ತಿದ್ದ ಎದುರುಮನೆಯ ಶಿವಗಂಗವ್ವ ನಿಂತು, “ಏನ್ರಿ ಗುರಸಿದ್ದವ್ವಾರ, ಊಟಾತೇನ್ರಿ?” ಎಂದು ಕೇಳಿದರು. ಕೇಳಿದವರ ಮುಖ ನೋಡದೆ ಉತ್ತರ ಕೊಡುವ ಅಭ್ಯಾಸ ನಮ್ಮ ಅತ್ತೆಗಿಲ್ಲ. ಕಣ್ಣು ಬಿಟ್ಟರು. “ಆಗಬೇಕ್ರಿ. ಬರ್ರಿ, ಕುಂದರ್ರಿ” ಅಂದರು. ದೀಪ ಹಚ್ಚುವ ತನಕ ಇಬ್ಬರೂ ಏಳಲಿಲ್ಲ. ಆಕಾಶದ ಅಂಜಿಕೆ ಏನಾಯಿತು ಎಂದು ಆಮೇಲೆ ಕೇಳಿದೆ. “ಆಕಾಶ ನೋಡಾಕ ಪುರುಸೊತ್ತು ಎಲ್ಲಿತ್ತವಾ? ಆಕಿ ಸೊಸಿ ಕತಿ ಮುಗಿಯಬೇಕಲ್ಲ” ಅಂದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಕೂಟದ ಒಪ್ಪಿಗೆಯೊಂದು ಬಾಕಿ ಇತ್ತು. ಫಕ್ಕೀರಪ್ಪ ಮಾಸ್ತರರು ನಿನ್ನೆ ಬಂದರು. ಕಟ್ಟೆಯನ್ನು, ಗೀರನ್ನು, ಕಲೆಯನ್ನು ನೋಡಿದರು. ಮುಖ ಕಪ್ಪಿಟ್ಟಿತು. ಜೋಡಿಕುರ್ಚಿ ಎಲ್ಲಿ ಎಂದು ಕೇಳಿದರು. ಇಲ್ಲ ಅಂದೆ. “ಹಿರ್ಯಾರಿಗೆ ಜಾಗಾ ಬಿಡದ ಹೊರಮನಿಗೆ ನಾ ಹೆಂಗ ಒಪ್ಪಿಗಿ ಕೊಡ್ಲಿ, ನೀಲಗಂಗಾ?” ಅಂದರು. ಸಿಟ್ಟಿನಿಂದಲ್ಲ, ಬಹಳ ನೊಂದು. ಅವರ ಅರ್ಧ ಆಯುಷ್ಯ ಆ ಕುರ್ಚಿಗಳ ಮೇಲಿತ್ತು. ಕಟ್ಟೆಯ ಮೇಲಿಂದ ಅತ್ತೆ ಕೇಳಿದರು: “ಮತ್ತ ನಾ ಯಾರ್ರಿ, ಮಾಸ್ತರ?”

ಮಾಸ್ತರರು ಅವರನ್ನು ನೋಡಿದರು. ಅತ್ತೆ ಸ್ವಲ್ಪ ಸರಿದು, ಪಕ್ಕದ ಕಲ್ಲನ್ನು ಸೆರಗಿನಿಂದ ಒರೆಸಿದರು. ಮಾಸ್ತರರಿಗೂ ಎಪ್ಪತ್ತು ದಾಟಿದೆ. ಅವರು ನಿಧಾನವಾಗಿ ಕೂತರು, ಕೂತ ಮೇಲೆ ಗೋಡೆಗೆ ಒರಗಿದರು. ಒಪ್ಪಿಗೆ ಕೊಟ್ಟೆನೆಂದು ಬಾಯಿಬಿಟ್ಟು ಹೇಳಿದ್ದು ಚೌಕಾಬಾರದಲ್ಲಿ ಎರಡು ಆಟ ಸೋತ ಮೇಲೆ. ತಂಗುಮನೆಗೆ ಇಂದು ಬೆಳಿಗ್ಗೆ ಹಾಸಿಗೆ ಬೇಡವೆಂದು ಹೇಳಿ ಕಳಿಸಿದೆ.

ಈಗ ನನ್ನ ಬಿನ್ನಹ. ನಿಮ್ಮನ್ನು ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ಬೆಳೆಯಲೆಂದು ನೀರು ಹಾಕಿದ ಹುಲ್ಲನ್ನು ಮತ್ತೆ ಏಕೆ ಕತ್ತರಿಸುತ್ತಿದ್ದಿರಿ? ತೂಗುಕುರ್ಚಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದದ್ದು ನಿಜವೇ? ಅವೆಲ್ಲ ಇರಲಿ. ಮನೆಯ ಮುಂದೆಯೋ ಹಿಂದೆಯೋ ಒಂದು ಚಂದದ ಜಾಗ ಮಾಡಿ ಅದರ ಚಿತ್ರ ತೆಗೆಯುವಾಗ, ಕೂತವರನ್ನು ದಯವಿಟ್ಟು ಏಳಿಸಬೇಡಿ. ಸೆರಗು ಜಾರಿರಲಿ, ತಟ್ಟೆಯಲ್ಲಿ ಸಿಪ್ಪೆ ಇರಲಿ, ಯಾರೋ ಆಕಳಿಸುತ್ತಿರಲಿ. ಹಾಗೇ ತೆಗೆಯಿರಿ. ನೀವು ಕೂತದ್ದು ಕಂಡರೆ ನಾವೂ ಕೂರಬಹುದೆಂದು ನಮಗೆ ತಿಳಿಯುತ್ತದೆ.

ಹೊರಮನೆ ಮುಗಿದ ದಿನ ಅಲ್ಲಿ ಹಿಂದೆ ಬಾಳಿದವರಿಗೊಂದು ಪತ್ರ ಬರೆದು ಕೊನೆಯ ಕಲ್ಲಿನ ಕೆಳಗೆ ಇಡುವುದು ನಮ್ಮ ಕಸುಬಿನ ಪದ್ಧತಿ. ಅದು ಹಿಂದಕ್ಕೆ ಹೇಗೆ ತಲುಪುತ್ತದೆ ಎಂದು ಮಕ್ಕಳು ಕೇಳುತ್ತವೆ, ದೇವರ ಮುಂದಿನ ಊದಿನಕಡ್ಡಿ ತಲುಪಿದ ಹಾಗೆ ಎನ್ನುತ್ತೇವೆ. ಇದನ್ನು ಇಡಬೇಕಾದ ಕಲ್ಲು ಆ ಎಣ್ಣೆಯ ಕಲೆಯ ನೇರ ಕೆಳಗಿದೆ. ಅತ್ತೆ ಅದರ ಮೇಲೆ ಕೂತಿದ್ದಾರೆ. ಎರಡು ಸಲ ಕೇಳಿದೆ, “ತಡಿಯವಾ, ಈಗರೆ ಕುಂತೀನಿ” ಎನ್ನುತ್ತಿದ್ದಾರೆ. ಪತ್ರ ತಲುಪುವುದು ತಡವಾದರೆ ಮನ್ನಿಸಿ. ಅವರನ್ನು ಏಳಿಸಲು ನನಗೆ ಮನಸ್ಸಿಲ್ಲ.

ಶರಣು,
ನೀಲಗಂಗಾ