ಒಂಟಿಯವರಿಗೆ ಕೋಣೆಯಿಲ್ಲ

ತಂಗಿ ಸೆಟ್ಸುಗೆ,

ಕಡಲ ದಂಡೆಯ ಬಿಸಿನೀರ ಬುಗ್ಗೆಯ ವಸತಿಗೃಹದಲ್ಲಿದ್ದೇನೆ. ಒಂಟಿಯಾಗಿ ಬಂದವರಿಗೆ ಇಲ್ಲಿ ಕೋಣೆ ಕೊಡುವುದಿಲ್ಲ; ಎಲ್ಲಿ ಕಡಲಿಗೆ ಹಾರುತ್ತಾರೋ ಎಂಬ ಭಯ. ನನ್ನ ಯಜಮಾನರು ಸಂಜೆ ಬಸ್ಸಿಗೆ ಬರುತ್ತಾರೆಂದು ಸುಳ್ಳು ಹೇಳಿದೆ. ಎರಡು ಹಾಸಿಗೆ ಹಾಸಿದರು, ಇಬ್ಬರಿಗೂ ಮೀನು ಬಡಿಸಿಟ್ಟರು.

ಬೆಳಿಗ್ಗೆ ಒಡತಿ, "ಏನಮ್ಮಾ, ನಿಮ್ಮ ಯಜಮಾನ್ರು ಬಸ್ಸನ್ನ ತಳ್ಕೊಂಡು ಬರ್ತಿದಾರಾ?" ಎಂದು ನಕ್ಕಳು. ಅವರು ತೀರಿಹೋಗಿ ಎರಡು ವರ್ಷವಾಯಿತೆಂದೆ. ಆಕೆ ನನ್ನನ್ನು ಹೊರಗೆ ಹಾಕಲಿಲ್ಲ. ಕಾಗದ ತಂದಿಟ್ಟು, "ನಿಮ್ಮೋರಿಗೆ ಬರೀರಿ. ಉತ್ತರ ಬರೋವರೆಗೂ ಇರಿ. ಸ್ನಾನಕ್ಕೆ ಮಾತ್ರ ನಾನೂ ಜೊತೆಗೆ ಬರ್ತೀನಿ" ಎಂದಳು.

ಅವರ ಅಂತ್ಯಕ್ರಿಯೆಯ ದಿನ ನಾವಿಬ್ಬರೂ ಜಗಳವಾಡಿದ ಮೇಲೆ ನಿನಗೆ ಬರೆದಿರಲಿಲ್ಲ. ನನ್ನವರೆಂದು ಬೇರೆ ಯಾರಿದ್ದಾರೆ? ಮನೆಗೆ ಬಾ ಎಂದು ಒಂದು ಕಾರ್ಡು ಹಾಕು, ಒಡತಿಗೆ ತೋರಿಸಬೇಕು. ಬರೀ ಅವಳಿಗೆ ತೋರಿಸಲೆಂದು ಬರೆದರೂ ಬೇಸರವಿಲ್ಲ. ನಿಜಕ್ಕೂ ಕರೆಯುವುದಾದರೆ, ಯಾವ ದಿನವೆಂದು ಸೇರಿಸು.

ನಿನ್ನ ಅಕ್ಕ,
ಶಿಗೆನೊ